ಸ್ಪೋರ್ಟ್ಸ್ ಕಾರು: ಮಾಡೆಲ್ ವರ್ಷ ನೋಡಿ ಬೆಲೆ ಕಟ್ಟುವ ತಪ್ಪು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರಿನಲ್ಲಿ ಸೆಳೆತವೂ ಉಳಿಯುವುದಿಲ್ಲ, ಮಾರಿದರೆ ಬೆಲೆಯೂ ಬರುವುದಿಲ್ಲ ಎಂಬ ಅಭಿಪ್ರಾಯ ಈಚೆಗೆ ನಿಮ್ಮ ವಾಹನ ಅಂಕಣದಲ್ಲಿ ಬಂದಿತ್ತು. ಕಂಪನಿ ಒಂದೇ ಮಾಡೆಲ್ಲನ್ನು ಬಹಳ ವರ್ಷ ಎಳೆದರೆ ಅದರ ವಿಶೇಷ ಹೋಗಿ ಅದೂ ಹತ್ತರಲ್ಲಿ ಹನ್ನೊಂದು ಆಗುತ್ತದೆ ಎಂಬ ಮಾತೂ ಅದರಲ್ಲಿತ್ತು. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಹಳೆಯ ಪೋರ್ಷೆ, ಔಡಿ ಟಿಟಿಯಂಥ ಕಾರುಗಳನ್ನು ಬೆಂಗಳೂರಿನಿಂದಲೋ ದೆಹಲಿಯಿಂದಲೋ ತರಲು ಆಸೆಪಡುವವರಿದ್ದಾರೆ. ಇಂಥ ಮಾತು ನಂಬಿದವರು ಒಳ್ಳೆಯ ಕಾರನ್ನು ಕೈಬಿಡುತ್ತಾರೆ. ನಂಬದವರು ಹೊರಗಿನ ಹೊಳಪು ನೋಡಿ ಕೆಟ್ಟದ್ದನ್ನು ತಂದು ಕೈ ಸುಟ್ಟುಕೊಳ್ಳುತ್ತಾರೆ. ಈ ಕಾರುಗಳ ಕೆಲಸ ಮಾಡುವವರಾಗಿ ನಮಗೆ ಗೊತ್ತಿರುವುದನ್ನು ಓದುಗರ ಮುಂದಿಡಬೇಕು ಅನ್ನಿಸಿತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮಾಡೆಲ್ ಹಳೆಯದಾಗುವುದು ಬೇರೆ, ನಿಮ್ಮ ಮುಂದೆ ನಿಂತಿರುವ ಕಾರು ಹಳೆಯದಾಗುವುದು ಬೇರೆ. ನಿಸ್ಸಾನ್ ಜಿಟಿ-ಆರ್ ಆರ್35 ಮಾಡೆಲ್ಲನ್ನೇ ನೋಡಿ. 2007ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಈ ಕಾರಿನ ತಯಾರಿಕೆ ನಿಂತದ್ದು 2025ರ ಆಗಸ್ಟ್‌ನಲ್ಲಿ. ಹದಿನೆಂಟು ವರ್ಷ ಅದೇ ಮೈಕಟ್ಟು, ಅದೇ 3.8 ಲೀಟರ್ ವಿ6 ಎಂಜಿನ್, ಅದೇ ಎರಡು ಟರ್ಬೊ. ಅಷ್ಟೂ ವರ್ಷ ಸೇರಿ ತಯಾರಾದದ್ದು ಸುಮಾರು 48,000 ಕಾರು. ಆರಂಭದಲ್ಲಿ 480 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ 2017ರ ಮಾಡೆಲ್ಲಿಗೆ ಬರುವಾಗ 570 ಕೊಡುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ನ್ಯಾವಿಗೇಷನ್ ಮತ್ತು ಆಡಿಯೊಗೆಂದು ಇದ್ದ 27 ಸ್ವಿಚ್‌ಗಳು 11ಕ್ಕೆ ಇಳಿದವು. ಆರಂಭದ ಕಾರುಗಳಲ್ಲಿ ಎಂಜಿನ್ನಿನ ಹಿಂದೆ, ಗೇರಿನತ್ತ ಹೋಗುವ ಶಾಫ್ಟನ್ನು ಹೊತ್ತಿರುವ ಬೆಲ್ ಹೌಸಿಂಗ್ ಬೇರಿಂಗ್ ಸವೆದು, ಎಂಜಿನ್ ನಿಂತಲ್ಲೇ ಓಡುವಾಗ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂತೆ ಸದ್ದು ಬರುತ್ತಿತ್ತು. ಒಂದೇ ಮಾಡೆಲ್ಲನ್ನು ವರ್ಷಗಟ್ಟಲೆ ಮಾಡುತ್ತಾ ಹೋದರೆ ಇಂಥ ದೋಷಗಳು ಒಂದೊಂದಾಗಿ ತಿದ್ದಿಕೊಳ್ಳುತ್ತವೆ. ಭಾರತಕ್ಕೆ ಇದು ಬಂದದ್ದು 2016ರ ಡಿಸೆಂಬರ್‌ನಲ್ಲಿ, 1.99 ಕೋಟಿ ರೂಪಾಯಿಗೆ. ಅಂದರೆ ಮಾಡೆಲ್ಲಿಗೆ ಒಂಬತ್ತು ವರ್ಷ ತುಂಬಿದ ಮೇಲೆ. ಹಳೆಯ ಮಾಡೆಲ್ ಎಂದು ಅದರ ಎದುರು ಯಾರೂ ಮೂಗು ಮುರಿಯಲಿಲ್ಲ.

ಪೋರ್ಷೆ 911 ಇದಕ್ಕಿಂತ ದೊಡ್ಡ ಸಾಕ್ಷಿ. 1963ರಲ್ಲಿ ಮೊದಲು ಕಾಣಿಸಿಕೊಂಡ ಕಾರಿನ ಹತ್ತು ಲಕ್ಷನೇ ಪ್ರತಿ 2017ರ ಮೇ ತಿಂಗಳಲ್ಲಿ ಕಾರ್ಖಾನೆಯಿಂದ ಹೊರಬಂತು. ಹತ್ತು ಲಕ್ಷ ಕಾರು ಮಾಡಿದರೂ ಅದರ ಗತ್ತು ಕರಗಲಿಲ್ಲ. ಆದರೆ 911ರ ಒಳಗೇ ಎಲ್ಲ ತಲೆಮಾರಿಗೂ ಒಂದೇ ಮರ್ಯಾದೆ ಇಲ್ಲ, ಕಲಿಯಬೇಕಾದದ್ದು ಅಲ್ಲಿದೆ. 1997ರಲ್ಲಿ ಬಂದ 996 ತಲೆಮಾರಿನಲ್ಲಿ ಗಾಳಿಯಿಂದ ತಣಿಯುವ ಎಂಜಿನ್ ಹೋಗಿ ನೀರಿನಿಂದ ತಣಿಯುವುದು ಬಂತು, ದುಂಡು ಹೆಡ್‌ಲೈಟ್ ಹೋಗಿ ಉದ್ದನೆಯ ಲೈಟು ಬಂತು. ಅಭಿಮಾನಿಗಳಿಗೆ ಹಿಡಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ ಎಂಜಿನ್ನಿನ ನಡುವಿನ ಶಾಫ್ಟನ್ನು ಹೊತ್ತಿರುವ ಬೇರಿಂಗ್, ಐಎಂಎಸ್ ಬೇರಿಂಗ್ ಎನ್ನುತ್ತಾರೆ, ಮುರಿದು ಇಡೀ ಎಂಜಿನ್ ಹಾಳಾದ ಪ್ರಕರಣಗಳು ಹೆಸರು ಕೆಡಿಸಿದವು. ಅದೇ ತಲೆಮಾರಿನ ಟರ್ಬೊ ಮತ್ತು ಜಿಟಿ3 ಕಾರುಗಳಲ್ಲಿ ಬೇರೆ ಎಂಜಿನ್ ಇದೆ, ಈ ಕಾಯಿಲೆ ಇಲ್ಲ. ಅವುಗಳ ಬೆಲೆಯೇ ಬೇರೆ ದಾರಿ ಹಿಡಿಯಿತು. ವಯಸ್ಸು ಎರಡಕ್ಕೂ ಒಂದೇ, ಆಕಾರವೂ ಹೆಚ್ಚುಕಡಿಮೆ ಒಂದೇ. ಬೆಲೆ ನಿರ್ಧರಿಸಿದ್ದು ಎಂಜಿನ್ನಿನ ಒಳಗಿನ ಸಂಗತಿ.

996 ಕೊಳ್ಳುವ ಮುಂಚೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬ್ಲೇಡಿನಿಂದ ಕೊಯ್ದು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಹೊಳೆಯುವ ಲೋಹದ ಚೂರು ಕಂಡು, ಅದು ಅಯಸ್ಕಾಂತಕ್ಕೆ ಅಂಟಿದರೆ ಬೇರಿಂಗಿನ ಉಕ್ಕು ಸವೆಯುತ್ತಿದೆ ಎಂದು ಅರ್ಥ. ಆ ಕಾರು ಬೇಡ. ಚೂರು ಇಲ್ಲದಿದ್ದರೆ, ಮುಂದೆ ಕ್ಲಚ್ ಪ್ಲೇಟ್ ಬದಲಿಸುವಾಗಲೇ ಆ ಬೇರಿಂಗನ್ನೂ ಬದಲಿಸಿಬಿಡಬೇಕು. ಅದು ಕೂತಿರುವುದು ಕ್ಲಚ್ಚಿನ ಹಿಂದೆ. ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುತ್ತದೆ, ಎರಡು ಸಲ ಇಳಿಸುವ ಕೂಲಿ ಉಳಿಯುತ್ತದೆ.

ಔಡಿ ಟಿಟಿ ಎರಡನೇ ತಲೆಮಾರಿನ ಕಾರುಗಳಲ್ಲೂ ಇದೇ ಕಥೆ. ಮೊದಲ ವರ್ಷಗಳ 2.0 ಟಿಎಫ್‌ಎಸ್‌ಐ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪಿಗೂ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿಗೂ ನಡುವೆ ಬಟ್ಟಲಿನಂಥ ಒಂದು ಸಣ್ಣ ಫಾಲೋವರ್ ಇದೆ. ಪೆಟ್ರೋಲ್ ಲೈನಿನ ಒತ್ತಡ ಇಳಿಸಿ, ಪಂಪಿನ ಮೂರು ಬೋಲ್ಟ್ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಮೇಲಿನ ಕಪ್ಪು ಲೇಪ ಸವೆದು ಬೆಳ್ಳಗೆ ಕಂಡರೆ ಹೊಸದು ಹಾಕಬೇಕು. ಬಿಟ್ಟರೆ ಅದು ತೂತಾಗಿ, ಪಂಪಿನ ತುದಿ ನೇರ ಕ್ಯಾಮನ್ನು ತಿನ್ನುತ್ತದೆ. ಚಿಕ್ಕ ಬಟ್ಟಲು ನೋಡದೆ ಬಿಟ್ಟದ್ದಕ್ಕೆ ಕ್ಯಾಮ್ ಶಾಫ್ಟ್, ಪಂಪ್ ಎರಡನ್ನೂ ಕೊಳ್ಳಬೇಕಾಗುತ್ತದೆ. ಇದರ ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಪ್ರತಿ 60,000 ಕಿ.ಮೀ.ಗೆ ಎಣ್ಣೆ ಬದಲಿಸಬೇಕು, ಸುಮಾರು ಐದೂಕಾಲು ಲೀಟರ್ ಹಿಡಿಯುತ್ತದೆ. ಮಟ್ಟ ನೋಡುವುದು ಎಂಜಿನ್ ಚಾಲೂ ಇಟ್ಟು, ಗೇರ್ ಎಣ್ಣೆಯ ಉಷ್ಣತೆ 35ರಿಂದ 45 ಡಿಗ್ರಿ ಇರುವಾಗ ಮಾತ್ರ. ತಣ್ಣಗಿರುವಾಗ ನೋಡಿದವರು ಹೆಚ್ಚು ಸುರಿಯುತ್ತಾರೆ, ಬಿಸಿಯಾದ ಮೇಲೆ ನೋಡಿದವರು ಕಡಿಮೆ ಹಾಕುತ್ತಾರೆ. ಆಮೇಲೆ ಗೇರು ಜರ್ಕ್ ಹೊಡೆದರೆ 'ಹಳೇ ಗಾಡಿ, ಇಷ್ಟೇ' ಎಂದು ತೀರ್ಪು.

ಅಪರೂಪ ಎಂದ ಮಾತ್ರಕ್ಕೆ ಆಕರ್ಷಣೆ ಬರುವುದಿಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಗೋವಾದ ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಗೆ ಬಂದ ಎರಡು ಸೀಟಿನ, ಫೈಬರ್ ಮೈಯ, ರೆನೋ 1.2 ಲೀಟರ್ ಎಂಜಿನ್ನಿನ ಕಾರು. ರಸ್ತೆಯಲ್ಲಿ ಕಂಡರೆ ಜನ ನಿಂತು ನೋಡುತ್ತಾರೆ, ನಿಜ. ಆದರೆ ಸೆಳೆತ ಗಟ್ಟಿಯಾಗಿ ನಿಲ್ಲಬೇಕಾದರೆ ಓಡಿಸುವ ಸುಖವೂ, ಬಿಡಿಭಾಗವೂ ಜೊತೆಗಿರಬೇಕು. ಹಳೆಯ ಕಾರು ಕೊಳ್ಳುವ ಮುಂಚೆ ಮುಂದಿನ ಬಂಪರ್, ಹೆಡ್‌ಲೈಟ್, ವಿಂಡ್‌ಶೀಲ್ಡ್ ಗಾಜು, ಕಂಪ್ಯೂಟರ್ ಪೆಟ್ಟಿಗೆ ಈ ನಾಲ್ಕು ಇವತ್ತು ಎಲ್ಲಿ ಸಿಗುತ್ತವೆ, ಎಷ್ಟು ದಿನಕ್ಕೆ ಬರುತ್ತವೆ ಎಂದು ಮಾರುವವರನ್ನೇ ಕೇಳಿ. ಉತ್ತರ ತಡವರಿಸಿದರೆ ಮಾತು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಹಿಂದಿನವರು ಸೈಲೆನ್ಸರ್, ಚಕ್ರ, ಸ್ಪ್ರಿಂಗ್ ಬದಲಿಸಿದ್ದರೆ ಕಂಪನಿಯ ಮೂಲ ಸಾಮಾನು ಇಟ್ಟಿದ್ದಾರೆಯೇ ಎಂದೂ ಕೇಳಬೇಕು. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟರೆ ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. 300 ದಾಟಿದ ಕಡೆ ಮತ್ತೆ ಬಣ್ಣ ಹೊಡೆದಿರಬಹುದು, ತಗ್ಗು ಮುಚ್ಚಲು ಪುಟ್ಟಿಯೂ ಹಾಕಿರಬಹುದು ಎಂದು ತಿಳಿಯಿರಿ.

ಇನ್ನು ದುಡ್ಡಿನ ಕಾಗದಗಳು. ವಿಮೆಯ ಐಡಿವಿ, ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಲೆಕ್ಕಕ್ಕೆ ಹಿಡಿಯುವ ಬೆಲೆ, ಇಳಿಯುವುದನ್ನೇ ಕಾರಿನ ಬೆಲೆ ಇಳಿದ ಹಾಗೆ ಎಂದು ಬಹಳ ಜನ ನಂಬಿದ್ದಾರೆ. ಐಡಿವಿ ಇಳಿಸುವ ಕೋಷ್ಟಕ ಎಲ್ಲ ಕಾರಿಗೂ ಒಂದೇ: ಆರು ತಿಂಗಳೊಳಗೆ ಶೇ 5 ಕಡಿತ, ನಾಲ್ಕರಿಂದ ಐದು ವರ್ಷಕ್ಕೆ ಶೇ 50 ಕಡಿತ. ಆಲ್ಟೊಗೂ ಅಷ್ಟೇ, 911ಕ್ಕೂ ಅಷ್ಟೇ. ಐದು ವರ್ಷ ದಾಟಿದ ಮೇಲೆ ಐಡಿವಿಯನ್ನು ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಳ್ಳಬಹುದು. ಈ ಅವಕಾಶ ಬಳಸದೆ ಏಜೆಂಟ್ ಬರೆದುಕೊಟ್ಟದ್ದಕ್ಕೆ ಸಹಿ ಹಾಕುವುದು ದೊಡ್ಡ ನಷ್ಟ. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಕ್ಲೇಮಿನಲ್ಲಿ ಶೇ 50 ಕಡಿತವಾಗುತ್ತದೆ. ಈ ಕಾರುಗಳ ಮುಂಭಾಗವೆಲ್ಲ ಪ್ಲಾಸ್ಟಿಕ್ಕೇ ಎಂಬುದನ್ನು ನೆನಪಿಡಿ.

ದೆಹಲಿಯಿಂದ ಬರುವ ಕಾರು ಅಗ್ಗವಾಗಿದ್ದರೆ ಅದಕ್ಕೆ ಸೆಳೆತ ಕುಂದಿದ್ದು ಕಾರಣವಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಅಲ್ಲಿ ಬಂದ ನಿರ್ಬಂಧ ಅಲ್ಲಿಯ ಬೆಲೆಯನ್ನು ಕೆಳಗೆ ಒತ್ತಿದೆ. ಅದನ್ನು ಇಲ್ಲಿಗೆ ತಂದರೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೇಲ್ಪಟ್ಟ ಕಾರಿಗೆ ದರ ಶೇ 18, ಕಾರಿನ ವಯಸ್ಸಿಗೆ ತಕ್ಕಂತೆ ಇಳಿಕೆ ಸಿಗುತ್ತದೆ. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರ್ ಪಡೆಯಲೇಬೇಕು. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿಸಲಾಯಿತು, ಆಮದು ಕಾರಿಗೆ 40,000. ಇವನ್ನೆಲ್ಲ ಕೂಡಿಸಿ ಆಮೇಲೆ ಬೆಲೆ ಹೇಳಿ.

ಈಗ ನಮ್ಮ ಮಲೆನಾಡಿನ ವಿಷಯ. ಇಲ್ಲಿ ಸ್ಪೋರ್ಟ್ಸ್ ಕಾರು ಕೆಡುವುದು ಓಡಿ ಅಲ್ಲ, ನಿಂತು. ತಿಂಗಳಿಗೊಮ್ಮೆ ಶೆಡ್ಡಿನಿಂದ ತೆಗೆದು, ಅಂಗಳದಲ್ಲಿ ಐದು ನಿಮಿಷ ಎಂಜಿನ್ ಓಡಿಸಿ ಮತ್ತೆ ಒಳಗೆ ಬಿಡುವ ಅಭ್ಯಾಸವಿದೆ. ಅದರಿಂದ ಕೆಡುಕೇ ಹೆಚ್ಚು. ಉರಿದ ಪೆಟ್ರೋಲಿನ ನೀರಾವಿ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲಿನಲ್ಲೂ ಕೂರುತ್ತದೆ, ಒಣಗುವಷ್ಟು ಬಿಸಿ ಏರುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಬೇಕು, ಇಲ್ಲವೇ ಮುಟ್ಟದೆ ಬಿಟ್ಟು ಬ್ಯಾಟರಿಯನ್ನು ಸದಾ ತುಂಬಿರುವಂತೆ ಇಡುವ ಮೇಂಟೇನರ್ ಚಾರ್ಜರ್ ಹಾಕಬೇಕು. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದರೆ ದೋಷ ಓದುವ ಸ್ಕ್ಯಾನರಿನಲ್ಲಿ ಇಲ್ಲದ ದೋಷಗಳೆಲ್ಲ ಸಾಲಾಗಿ ಬರುತ್ತವೆ, ಚೆನ್ನಾಗಿರುವ ಸೆನ್ಸರುಗಳನ್ನು ಸುಮ್ಮನೆ ಬದಲಿಸುವುದು ಆಗಲೇ.

ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಅರ್ಧ ಟ್ಯಾಂಕಿನಲ್ಲಿ ಮಳೆಗಾಲ ಕಳೆದರೆ ನೀರೂ ಎಥನಾಲೂ ಬೇರೆಯಾಗಿ ತಳಕ್ಕೆ ಇಳಿಯಬಹುದು, ಪಂಪ್ ಎಳೆಯುವುದೇ ತಳದಿಂದ. ನಿಲ್ಲಿಸುವ ಕಾರಿನ ಟ್ಯಾಂಕ್ ಪೂರ್ತಿ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಆದಷ್ಟು ಕಡಿಮೆ ಇರಲಿ. ಹಳೆಯ ಕಾರಿನ ರಬ್ಬರ್ ಪೆಟ್ರೋಲ್ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಸಣ್ಣ ಬಿರುಕು ಕಂಡರೂ ಎಥನಾಲಿಗೆ ತಡೆಯುವ ವೈಟಾನ್ ರಬ್ಬರಿನ ಒಳಪದರದ ಹೋಸ್ ಹಾಕಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಕಾರೇ ಹೋಗುತ್ತದೆ.

ಬ್ರೇಕ್ ಆಯಿಲ್ ಬಗ್ಗೆ ಒತ್ತಿ ಹೇಳಬೇಕು. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಹೋದರೆ ಚಕ್ರದ ಬಳಿ ಬ್ರೇಕ್ ಹಿಡಿಯುವ ಕ್ಯಾಲಿಪರ್ ಒಳಗೆ ಆವಿ ಗುಳ್ಳೆ ಎದ್ದು, ಪೆಡಲ್ ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲೇಬೇಕು. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿ: 2319 ಎಂದಿದ್ದರೆ 2019ರ 23ನೇ ವಾರದ ಟೈರು. ಟೈರಿನ ಮೇಲಿನ ಗೀರುಗಳು ಆಳವಾಗಿದ್ದರೂ ಆರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿರುತ್ತದೆ. ಶಿರಾಡಿಯ ಒದ್ದೆ ರಸ್ತೆಯಲ್ಲಿ 400–500 ಅಶ್ವಶಕ್ತಿಯ ಕಾರಿಗೆ ಅಂಥ ಟೈರು ಪ್ರಾಣಕ್ಕೆ ಅಪಾಯ.

ದಾರಿಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯಬೇಡಿ, ಎರಡು ಚಕ್ರ ಎತ್ತಿಯೂ ಎಳೆಯಬೇಡಿ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಿನಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಕಪ್ಲಿಂಗ್ ಸುಟ್ಟುಹೋಗಬಹುದು. ಚಪ್ಪಟೆ ಹಾಸಿನ ಲಾರಿಯೇ ಬೇಕು. ಈ ಕಾರುಗಳ ಹೊಟ್ಟೆ ನೆಲದಿಂದ 10–11 ಸೆಂ.ಮೀ. ಮಾತ್ರ ಮೇಲಿರುತ್ತದೆ, ಹತ್ತಿಸುವಾಗ ರ‍್ಯಾಂಪಿನ ಕೆಳಗೆ ಎರಡು ಉದ್ದನೆಯ ಹಲಗೆ ಕೊಡದಿದ್ದರೆ ಮುಂದಿನ ಬಂಪರ್ ಕಿತ್ತು ಬರುತ್ತದೆ. ತೋಟದ ಮನೆಗಳಲ್ಲಿ ಇಲಿ ವೈರಿಂಗ್ ಕಡಿಯುತ್ತದೆ, ಸೀಟಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಬೂಷ್ಟು ಇನ್ನೂ ಬೇಗ ಬರುತ್ತದೆ, ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಸರಿ.

ಇಷ್ಟೆಲ್ಲ ನೋಡಿಕೊಂಡ ಕಾರು ಇಪ್ಪತ್ತು ವರ್ಷವಾದರೂ ತನ್ನ ಸೆಳೆತ ಬಿಡುವುದಿಲ್ಲ. ಅದರ ಜೊತೆಗೆ ಹುಟ್ಟಿದವು ಒಂದೊಂದಾಗಿ ಗುಜರಿ ಸೇರಿರುತ್ತವೆ, ಉಳಿದ ಒಂದು ಅಪರೂಪವಾಗುತ್ತದೆ. ದಿನಾ ಹೊಸದೇ ಬೇಕೆನ್ನುವವರಿಗೆ ಈ ಮಾತು ಒಪ್ಪಿಗೆಯಾಗದಿರಬಹುದು, ಅವರಿಗೆ ಮೂರು ವರ್ಷದ ಕಾರೂ ಹಳತೇ. ನಿಮ್ಮ ಅಂಕಣಕಾರರಲ್ಲಿ ನಮ್ಮ ಕೋರಿಕೆ ಇಷ್ಟು: ಹಳೆಯ ಕಾರಿನ ಬಗ್ಗೆ ಬರೆಯುವಾಗ ವರ್ಷದ ಜೊತೆಗೆ ಆ ಎಂಜಿನ್ನಿನ ಗೊತ್ತಿರುವ ದೋಷ, ಅದರ ಪರಿಹಾರ ಮತ್ತು ಬಿಡಿಭಾಗದ ಲಭ್ಯತೆಯನ್ನೂ ಬರೆಯಿರಿ.

ಮಳೆಗಾಲ ಹತ್ತಿರವಿದ್ದಾಗ ಇನ್ನೊಂದು ಕೆಲಸ. ಪೋರ್ಷೆ ಬಾಕ್ಸ್‌ಸ್ಟರಿನಂಥ ಬಟ್ಟೆ ಮೇಲ್ಛಾವಣಿಯ ಕಾರಿನಲ್ಲಿ, ಛಾವಣಿ ಮಡಚಿ ಕೂರುವ ಜಾಗದ ಎರಡು ಮೂಲೆಯಲ್ಲೂ ನೀರು ಹೋಗುವ ತೂತುಗಳಿವೆ. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದರೆ ಅದರ ಸೀಳು ಎಲೆ ಅಲ್ಲೇ ಕೂತು ಕೊಳೆತು ತೂತು ಮುಚ್ಚುತ್ತದೆ. ನೀರು ಒಳಗೆ ಇಳಿದು ಸೀಟಿನ ಕೆಳಗಿರುವ ಇಮ್ಮೊಬಿಲೈಸರ್ ಪೆಟ್ಟಿಗೆಯನ್ನು ಮುಳುಗಿಸುತ್ತದೆ, ಆಮೇಲೆ ಕೀಲಿಯನ್ನೇ ಕಾರು ಗುರುತಿಸುವುದಿಲ್ಲ. ತೋಟದಲ್ಲಿ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರದ ಒಂದೂವರೆ ಅಡಿ ತುಂಡು ಸಾಕು, ತುದಿಯನ್ನು ಬೆಂಕಿಗೆ ಹಿಡಿದು ಮೊಂಡು ಮಾಡಿ ಮೆಲ್ಲಗೆ ಒಳಗೆ ತಳ್ಳಬೇಕು. ಕಂಪ್ರೆಸರ್ ಗಾಳಿ ಹೊಡೆಯಬಾರದು, ಒಳಗಿನ ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಒಂದು ಲೋಟ ನೀರು ಸುರಿದರೆ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಮೇ ಕೊನೆಯ ವಾರ ಒಮ್ಮೆ, ಮತ್ತೆ ಜುಲೈ ನಡುವೆ ಒಮ್ಮೆ ಮಾಡಿ.

ಇಂತಿ,
ಹಳೆಯ ಕಾರುಗಳ ರಿಪೇರಿ ಕೆಲಸದವರು,
ಹಾಸನ