ಅಪ್ಪ ಇಲ್ಲದಾಗ ಓದು

ಹ್ಯಾಮಿಲ್ಟನ್, ನ್ಯೂಜಿಲೆಂಡ್

ಅಮ್ಮನಿಗೆ ನಮಸ್ಕಾರ. ನಾವಿಬ್ಬರೂ ಕ್ಷೇಮ. ನಿನ್ನ ಕಾಗದ ಬಂತು. ಅಪ್ಪನ ಕಣ್ಣಿನ ಪೊರೆಯ ವಿಷಯ ಫೋನಿನಲ್ಲಿ ಎತ್ತೋಕಾಗಲ್ಲ. ನೀನು ಸ್ಪೀಕರ್ ಹಾಕಿರುತ್ತೀಯ, ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ.

ಬಚ್ಚಲುಮನೆ ಮೆಟ್ಟಿಲು ಕಾಣದೆ ಜಾರಿದರು, "ಏನೂ ಆಗಿಲ್ಲ, ಮೊಣಕೈ ತರಚಿದೆ ಅಷ್ಟೇ" ಅಂತ ಎರಡು ಸಲ ಬರೆದಿದ್ದೀಯ. ಎರಡು ಸಲ ಬರೆದಿದ್ದಕ್ಕೇ ನನಗೆ ಭಯ.

ಇಂಥ ಹೊತ್ತಲ್ಲಿ ತಿರುಗಾಟ ಬೇಕಿತ್ತಾ ಅನ್ನಬೇಡ. ಇವರು ಮೊದಲೇ ಟಿಕೆಟ್ ತೆಗೆದಿದ್ದರು. ಶನಿವಾರ ಮಟಮಾಟಾಗೆ ಹೋದೆವು. 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದ ಹಾಬಿಟನ್ ಊರಿನ ಸೆಟ್ ಅಲ್ಲಿದೆ. ಪುಟ್ಟನನ್ನು ಕೇಳು, ಹೇಳುತ್ತಾನೆ. ಅದು ಕುರಿ ಸಾಕುವವರ ಜಮೀನು. 1998ರಲ್ಲಿ ಆ ಸಿನಿಮಾದ ನಿರ್ದೇಶಕ ಪೀಟರ್ ಜಾಕ್ಸನ್ ಕಡೆಯವರು ಆಕಾಶದಿಂದ ಹುಡುಕಿ ಹಿಡಿದಿದ್ದಂತೆ. ಗುಡ್ಡದ ಮೈಗೆ ದುಂಡು ದುಂಡು ಬಾಗಿಲು. ತೆಗೆದರೆ ಹೆಚ್ಚಿನವಕ್ಕೆ ಒಳಗೆ ಮನೆಯೇ ಇಲ್ಲ! ಬಾಗಿಲಿನ ಅಳತೆಯೂ ಬೇರೆ ಬೇರೆ, ಸಣ್ಣದರ ಪಕ್ಕ ನಿಂತರೆ ಯಾರಾದರೂ ದೈತ್ಯರೇ. ನಾನೂ ಅಪ್ಪನಷ್ಟು ಎತ್ತರ ಕಂಡೆ. ಗುಡ್ಡದ ಮೇಲಿನ ಓಕ್ ಮರ ಸ್ಟೀಲಿನದು, ಎಲೆಗಳು ತೈವಾನಿನಿಂದ ಬಂದವು. ಇಷ್ಟು ಹಸಿರು ದೇಶಕ್ಕೆ ಎಲೆ ತರಿಸೋದಾ ಅಂತ ಅಪ್ಪ ನಗುತ್ತಾರೆ, ಹೇಳು. ಟಿಕೆಟ್ ಎಷ್ಟು ಅಂತ ಮಾತ್ರ ಹೇಳಬೇಡ.

ಭಾನುವಾರ ವೈಟೊಮೊ ಗುಹೆ. ಒಳಗೆ ಹೊಳೆ ಹರಿಯುತ್ತದೆ. ದೋಣಿಯಲ್ಲಿ ಕೂರಿಸಿ, ದೀಪ ಆರಿಸಿ, ಮೇಲೆ ಕಟ್ಟಿದ ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತಾರೆ. ಗುಹೆಯ ಮಾಳಿಗೆ ತುಂಬ ನೀಲಿ ಚುಕ್ಕಿ. ನಮ್ಮ ಮಿಂಚುಹುಳು ಅಲ್ಲ ಅದು, ಒಂದು ಜಾತಿ ನೊಣದ ಮರಿಹುಳು. ಅಂಟು ಎಳೆ ಇಳಿಬಿಟ್ಟು, ಬೆಳಕು ನೋಡಿ ಬಂದ ಹುಳುಗಳನ್ನು ಹಿಡಿದು ತಿನ್ನುತ್ತದೆ. ಎಲ್ಲರೂ ಆಹಾ ಅಂತ ಮೇಲೆ ನೋಡುತ್ತಿದ್ದರೆ ನಾನು ದೋಣಿಯ ಅಂಚನ್ನು ತಡಕುತ್ತಿದ್ದೆ. ಅಪ್ಪ ಹೀಗೇ ತಾನೇ ಬಚ್ಚಲಿಗೆ ಹೋಗೋದು? ಅಲ್ಲಿ ಫೋಟೊ ತೆಗೆಯುವ ಹಾಗಿಲ್ಲ, ಬಂದೇ ನೋಡಬೇಕು. ಈ ಕಣ್ಣಲ್ಲಿ ಬಂದು ಏನು ನೋಡುತ್ತಾರೆ?

ಅಮ್ಮ, ಪೊರೆ ಬಲಿಯಲಿ, ಆಮೇಲೆ ಆಪರೇಷನ್ ಅನ್ನೋದು ಅಜ್ಜನ ಕಾಲದ ಮಾತು. ಈಗ ಕಾಯಬೇಕಿಲ್ಲ, ತೀರ ಬಲಿತರೇ ಆಪರೇಷನ್ ಕಷ್ಟ. ಪೊರೆ ತೆಗೆದು ಲೆನ್ಸ್ ಕೂರಿಸುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೆ ಆಮೇಲೆ ಸ್ವಲ್ಪ ದಿನ ಭಾರ ಎತ್ತಬಾರದು, ಧೂಳು, ಹೊಗೆ ತಾಗಬಾರದು. ಅಡಿಕೆ ಬೇಯಿಸುವ ಒಲೆ ಹತ್ತಿರ ಸುಳಿಯಲೇಬಾರದು. ಕೊಯ್ಲು ಶ್ರೀಧರಣ್ಣ ನೋಡಿಕೊಳ್ಳಲಿ, ನಾನೇ ಅವನ ಹತ್ತಿರ ಮಾತಾಡುತ್ತೇನೆ. ದುಡ್ಡು ಸುಮಾಳ ಅಕೌಂಟಿಗೆ ಹಾಕಿದ್ದೇನೆ. ಅಪ್ಪನಿಗೆ ಗೊತ್ತಾಗಬೇಕಾಗಿಲ್ಲ.

ನನ್ನ ಚಿಂತೆ ಬಿಡು. ದಿನಾ ಅನ್ನ ಸಾರು ಮಾಡುತ್ತೇನೆ. ಕೆಮ್ಮು ಪೂರ್ತಿ ಹೋಗಿದೆ. ನಿಜವಾಗಲೂ ಹೋಗಿದೆ. ಇವರನ್ನೇ ಕೇಳು ಬೇಕಾದರೆ.

ಗುಹೆ, ಸಿನಿಮಾದ್ದಷ್ಟು ಅಪ್ಪನಿಗೆ ಓದಿ ಹೇಳು. ಶಿವಮೊಗ್ಗಕ್ಕೆ ಯಾವತ್ತು ಹೋಗುತ್ತೀರಿ ಅಂತ ಸುಮಾಳ ಕೈಲಿ ಮೆಸೇಜ್ ಹಾಕಿಸು. ಇವರು ಕಾರು ಸ್ಟಾರ್ಟ್ ಮಾಡಿ ಕರೆಯುತ್ತಿದ್ದಾರೆ, ಉಳಿದದ್ದು ಆಮೇಲೆ.

ವಿದ್ಯಾ