ಕೈಕೌದಿಗೆ ಕೈ ಹಚ್ಚಿದವರಿಗೆಲ್ಲ ಶರಣು

ಇಳಕಲ್ಲಿನ ಕೈಕೌದಿ, ಅಂದರೆ ಕೈಯ ಸುತ್ತ ಗೆರೆ ಎಳೆದು ಆ ಆಕಾರವನ್ನು ಹಳೆಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಕೌದಿ, ಮುಗಿದು ಗೋಡೆ ಏರಿತು. ಆರಡಿ ಅಗಲ, ನಾಲ್ಕಡಿ ಎತ್ತರ, ಮೈತುಂಬ ನಮ್ಮ ಭಾಗದ ಹೆಣ್ಣುಮಕ್ಕಳ ಕೈಗಳು. ತಮ್ಮ ಮೈಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಹಿಂಜರಿಯುವವರಿಗೆ ಕೈಯಿಂದ ಶುರು ಮಾಡುವುದು ಸುಲಭ. ಕೈ ನೋಡಲು ಕನ್ನಡಿ ಬೇಕಿಲ್ಲ, ಮುಖ ತೋರಿಸಬೇಕಿಲ್ಲ, ತೂಕದ ಮಾತು ಬರುವುದಿಲ್ಲ. ಹಾಗಂತ ಕೈಗೆ ನಾಚಿಕೆ ಇಲ್ಲವೆಂದಲ್ಲ. ಕಪ್ಪು ಗೆಣ್ಣು, ಹಂಚಿನ ಸುಟ್ಟ ಕಲೆ, ಊದಿದ ಕೀಲು ಇವನ್ನೆಲ್ಲ ಸೆರಗಿನಡಿ ಮುಚ್ಚಿಕೊಳ್ಳುವವರು ಬಹಳ. ಯಾರು ಏನು ಕಲಿಸಿಕೊಟ್ಟರು ಎಂದು ಬಿಡಿಸಿ ಹೇಳಿದರೇನೇ ಈ ಋಣ ತುಸು ಇಳಿದೀತು.

ಮೊದಲ ನಮಸ್ಕಾರ ನಮ್ಮ ಟೇಲರ್ ಕಾಕಾ ಅವರಿಗೆ. ಕಾಗದದ ಮೇಲೆ ಕೈ ಇಟ್ಟು ಸುತ್ತ ಪೆನ್ಸಿಲ್ ಎಳೆದರೆ ಬರುವ ಗೆರೆ ಸುಳ್ಳು ಹೇಳುತ್ತದೆ ಎಂದು ತೋರಿಸಿದವರು ಅವರೇ. ಪೆನ್ಸಿಲ್ಲಿನ ದಪ್ಪ ಸುಮಾರು 7 ಮಿ.ಮೀ. ಮುಳ್ಳು ನಡುವಿಗಿರುವುದರಿಂದ ಬೆರಳಿನ ಎರಡೂ ಬದಿಗೆ 3.5 ಮಿ.ಮೀ. ಹೊರಗೆ ಗೆರೆ ಬೀಳುತ್ತದೆ. ಅಂದರೆ 15 ಮಿ.ಮೀ. ಅಗಲದ ಬೆರಳು ಹಾಳೆಯ ಮೇಲೆ 22 ಮಿ.ಮೀ. ಆಗಿ ಕೂಡುತ್ತದೆ. ‘ಅಯ್ಯೋ, ನನ್ನ ಬೆರಳು ಇಷ್ಟು ದಪ್ಪ ಅದಾವೇನ್ರಿ?’ ಎಂಬ ಮಾತು ಹುಟ್ಟುವುದೇ ಇಲ್ಲಿ. ಪೆನ್ಸಿಲ್ ಒಳಕ್ಕೆ ವಾಲಿಸಿದರೆ ಬೆರಳು ಸಣಕಲಾಗುತ್ತದೆ. ಕೆಲವರು ಬೇಕೆಂದೇ ವಾಲಿಸುತ್ತಾರೆ. ಕಾಕಾ ಹೇಳಿದ ಉಪಾಯ ಬಾಲ್‌ಪೆನ್ನಿನ ತೆಳು ರೀಫಿಲ್. 3 ಮಿ.ಮೀ. ದಪ್ಪದ್ದನ್ನು ನೆಟ್ಟಗೆ ಹಿಡಿದರೆ ಬದಿಗೆ ಒಂದೂವರೆ ಮಿ.ಮೀ. ಮಾತ್ರ ಹೆಚ್ಚು, ಗೆರೆಯ ಅಷ್ಟೇ ಒಳಗೆ ಅಚ್ಚಿನ ರಟ್ಟು ಕತ್ತರಿಸಿದರೆ ಅಳತೆ ಸರಿ. ಬಿಸಿಲಲ್ಲಿ ನಡೆದು ಬಂದ ಕೂಡಲೇ ಗೆರೆ ಎಳೆಯಬಾರದು, ಕೈ ಸ್ವಲ್ಪ ಊದಿರುತ್ತದೆ. ಬೆಳಗಿನ ಹೊತ್ತು ಒಳ್ಳೆಯದು.

ಬಟ್ಟೆ ಕೊಟ್ಟ ನೇಕಾರರ ಮನೆಗಳಿಗೆ ಎರಡನೆಯ ಶರಣು. ಕೈಗಳಿಗೆ ಬಳಸಿದ್ದು ಹಳೆಯ ಇಳಕಲ್ ಸೀರೆಯ ಹತ್ತಿಯ ಮೈ. ನಾಲ್ಕಾರು ವರ್ಷ ಉಟ್ಟು ಒಗೆದದ್ದು ಮೆತ್ತಗಿದ್ದು ಚೆನ್ನಾಗಿ ಮಡಿಕೆ ಬೀಳುತ್ತದೆ. ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಚಂದವೇ, ಆದರೆ ಸಣ್ಣ ಬೆರಳಿಗೆ ದಪ್ಪವಾಯಿತು, ಅಂಚೂ ಬೇಗ ಬಿಚ್ಚುತ್ತದೆ. ಅದನ್ನು ತೋಳಿಗೂ ಹಿನ್ನೆಲೆಗೂ ಇಟ್ಟುಕೊಂಡೆವು. ಕೆಲವು ಕೈಗಳಲ್ಲಿ ಸೀರೆಯ ಮೈಗೂ ರೇಷ್ಮೆ ಸೆರಗಿಗೂ ಎಳೆಯ ಕುಣಿಕೆಗಳಿಂದ ಕೊಂಡಿ ಹಾಕಿದ ಸಾಲು ಸರಿಯಾಗಿ ಮಣಿಕಟ್ಟಿಗೆ ಬರುವಂತೆ ಕತ್ತರಿಸಿದೆವು. ನೋಡಿದವರು ಅದನ್ನು ಬಳೆ ಎಂದರು. ಕೊಂಡಿಯ ಸಾಲಿನ ಮೇಲೆಯೇ ಕತ್ತರಿ ಆಡಿಸಬೇಡಿ, ಕುಣಿಕೆ ಬಿಚ್ಚಿಕೊಳ್ಳುತ್ತದೆ, ಆಚೀಚೆ ಎರಡೆರಡು ಇಂಚು ಬಿಡಿ ಎಂದು ಮಗ್ಗದ ಮೇಲಿಂದಲೇ ಕೂಗಿ ಹೇಳಿದ ಅಣ್ಣನನ್ನು ಮರೆಯಲಾರೆವು. ಸೆರಗಿನ ಕೆಂಪು ಬಣ್ಣ ಬಿಟ್ಟರೆ ಇಡೀ ಕೌದಿ ಹಾಳು. ತುಂಡನ್ನು ನೆನೆಸಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಬೇಕು. ಕಲೆ ಬಿದ್ದರೆ ತಣ್ಣೀರಲ್ಲಿ ಜಾಲಿಸಿ ಮತ್ತೆ ಒತ್ತಬೇಕು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಮನೆಮನೆಯಲ್ಲೂ ಹೇಳುತ್ತಾರೆ. ಹತ್ತಿಗೆ ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ ನಿಜ. ಹಾಕಿಯಾದ ಬಣ್ಣವನ್ನು ಅದು ಕಟ್ಟಿ ಹಾಕುವುದಿಲ್ಲ.

ಕೈ ಕತ್ತರಿಸಿ ಕೂಡಿಸುವಲ್ಲಿ ಎಲ್ಲರೂ ಎಡವುವುದು ಬೆರಳ ಸಂದಿಯಲ್ಲಿ. ಸುತ್ತ ಕಾಲಿಂಚು ಮಡಿಕೆಗೆ ಬಿಟ್ಟರೆ ಅಂಗೈಗೆ ಸರಿ, ಕಿರುಬೆರಳಿಗೆ ಹೆಚ್ಚು. ಎರಡೂ ಬದಿಯ ಮಡಿಕೆ ಒಳಗೆ ಒಂದರ ಮೇಲೊಂದು ಏರಿ ಗಂಟು ನಿಲ್ಲುತ್ತದೆ. ಅಲ್ಲಿ 4 ಮಿ.ಮೀ. ಸಾಕು. ಸಂದಿಯಲ್ಲಿ ಗೆರೆಗೆ 1 ಮಿ.ಮೀ. ಉಳಿಯುವವರೆಗೆ ಕತ್ತರಿಯಿಂದ ಕಚ್ಚು ಕೊಡಲೇಬೇಕು. ಕೊಡದಿದ್ದರೆ ಬಟ್ಟೆ ಮುದುಡುತ್ತದೆ, ಗೆರೆ ದಾಟಿದರೆ ಎಳೆ ಬಿಚ್ಚುತ್ತದೆ. ಕಚ್ಚು ಕೊಡುವ ಮುನ್ನ ಹಿಂದೆ ಹೆಬ್ಬೆಟ್ಟಿನ ಉಗುರಿನಗಲದ ತೆಳು ಅಂಟು ಕ್ಯಾನ್ವಾಸ್ ಇಸ್ತ್ರಿಯಿಂದ ಅಂಟಿಸಿ, ಸಂದಿಯಲ್ಲಿ ನಾಲ್ಕೈದು ಕಾಜಾ ಟಾಕಿ (ಗುಂಡಿಮನೆಗೆ ಹಾಕುವ ಹೊಲಿಗೆ) ಒತ್ತಾಗಿ ಹಾಕುವುದನ್ನು ಹೊಲಿಗೆ ಕ್ಲಾಸಿನ ಅಕ್ಕಾರು ಕಲಿಸಿದರು. ಬೆರಳ ತುದಿಯ ದುಂಡಿಗೆ ಅಂಚಿನಲ್ಲಿ ಸಣ್ಣ ದಾರ ಓಡಿಸಿ ರಟ್ಟಿನ ಮೇಲೆ ಎಳೆದು ಇಸ್ತ್ರಿ ಮಾಡುವುದೂ ಅವರದೇ ಪಾಠ.

ಬಣ್ಣದ ವಿಷಯ ಬೇರೆಯೇ. ಅಂಗಡಿಯಲ್ಲಿ ‘ಸ್ಕಿನ್ ಕಲರ್’ ದಾರ ಕೇಳಿದರೆ ಸಿಗುವುದು ತಿಳಿ ಗುಲಾಬಿ. ನಮ್ಮ ಕಡೆ ಅದು ಯಾರ ಕೈಗೂ ಹೊಂದುವುದಿಲ್ಲ. ಲಚ್ಚಿಗಳನ್ನು ಹಿಡಿದು ಕಟ್ಟೆಯ ಮೇಲೆ ಹಗಲ ಬೆಳಕಿನಲ್ಲಿ ಕೂತು, ಮುಂಗೈ ಬೇರೆ ಅಂಗೈ ಬೇರೆ ಹೊಂದಿಸಬೇಕು. ಟ್ಯೂಬ್‌ಲೈಟಿನ ಕೆಳಗೆ ಕಂದು ಬೂದಿಯಾಗಿ ಕಾಣುತ್ತದೆ. ಆರೆಳೆಯ ದಾರದಿಂದ ಎರಡೆಳೆ ತೆಗೆದು, ಒಂದು ಬೆಲ್ಲದ ಬಣ್ಣ, ಒಂದು ಕಾಫಿ ಬಣ್ಣ ಒಂದೇ ಸೂಜಿಗೆ ಪೋಣಿಸಿದರೆ ಗೆಣ್ಣಿನ ಕಪ್ಪು ಸಹಜವಾಗಿ ಬರುತ್ತದೆ. ಒಂದು ಮೊಳಕ್ಕಿಂತ ಉದ್ದ ದಾರ ಬೇಡ, ಬಟ್ಟೆಯೊಳಗೆ ಉಜ್ಜಿ ಜುಂಗು ಏಳುತ್ತದೆ.

ಧಾರವಾಡದಿಂದ ಬಂದು ಕಸೂತಿ ಹೇಳಿಕೊಟ್ಟ ಮಾವಶಿಯರು ಮೊದಲೇ ಎಚ್ಚರಿಸಿದ್ದರು: ಕಸೂತಿಗೆ ಬಾಗು ಗೊತ್ತಿಲ್ಲ. ಎಳೆ ಎಣಿಸಿ ಅಡ್ಡ, ಉದ್ದ, ಓರೆ ಇಷ್ಟೇ ಹೋಗುತ್ತದೆ. ಕೈಯ ಹೊರಗೆರೆಯನ್ನು ಅದರಲ್ಲಿ ಹಿಡಿಯಲು ಹೋದರೆ ಮೆಟ್ಟಿಲಾಗುತ್ತದೆ. ಹಾಗಾಗಿ ಹೊರಗೆರೆಗೆ ಕಾಂಡದ ಹೊಲಿಗೆ (ಸ್ಟೆಮ್ ಸ್ಟಿಚ್), ಒಳಗೆ ಕಸೂತಿ. ಅಂಗೈ ಗೆರೆಗಳಿಗೆ ಮುರ್ಗಿ ಎಂಬ ಅಂಕುಡೊಂಕಿನ ಟಾಕಿ, ಅದರ ಮೆಟ್ಟಿಲು ಇಲ್ಲಿ ಒಪ್ಪುತ್ತದೆ. ಸುಟ್ಟ ಕಲೆಗೆ ಮೆಂತಿ ಎಂಬ ಕತ್ತರಿ ಟಾಕಿ, ದಾರ ಹೆಚ್ಚು ತಿಂದರೂ ಕೈಗೆ ಉಬ್ಬು ಸಿಗುತ್ತದೆ. ಗವಂತಿ ಎಂಬ ಟಾಕಿಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ಸಂದು ತುಂಬಬೇಕು, ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಎಳೆ ತಪ್ಪಿದರೆ ಬರುವಾಗ ಬಾಗಿಲು ಮುಚ್ಚಿರುತ್ತದೆ. ಇಳಕಲ್ ಸೀರೆಯ ಒತ್ತು ನೇಯ್ಗೆಯಲ್ಲಿ ಎಳೆ ಎಣಿಸಲಾಗದವರು ಮೇಲೆ ಜಾಳಿಗೆ ಬಟ್ಟೆ ಕೂಡಿಸಿ ಹೊಲಿದು, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರು.

ತೊನ್ನಿನ ಮಚ್ಚೆಗಳನ್ನು ಮೇಲಿಂದ ತೇಪೆ ಹಚ್ಚದೆ, ಮೇಲಿನ ಬಟ್ಟೆಯಲ್ಲಿ ಮಚ್ಚೆಯ ಆಕಾರ ಕತ್ತರಿಸಿ ಅಂಚು ಒಳಗೆ ಮಡಿಸಿ ಕೆಳಗಿನ ತಿಳಿ ಬಟ್ಟೆ ಕಾಣುವಂತೆ ಮಾಡಿದೆವು. ತೊನ್ನು ಎಂದರೆ ಬಣ್ಣ ಕೊಡುವ ಜೀವಕೋಶಗಳ ನಷ್ಟ, ಮುಟ್ಟಿದರೆ ಅಂಟುವುದಿಲ್ಲ ಎಂದು ಬಂದವರಿಗೆಲ್ಲ ಬೇಸರವಿಲ್ಲದೆ ತಿಳಿಸಿದ ವೈದ್ಯರಿಗೆ ಋಣಿ. ಸಂಧಿವಾತದಿಂದ ಬಾಗಿದ ಬೆರಳನ್ನು ಹಾಳೆಗೆ ಒತ್ತಿ ನೇರ ಮಾಡಬಾರದು ಎಂದೂ ಅವರೇ ಹೇಳಿದ್ದು. ಬಾಗಿದ್ದು ಬಾಗಿದಂತೆಯೇ ಬರಲಿ.

ಇಷ್ಟರಲ್ಲಿ ಒಂದು ಮಾತು ನಮಗೆ ಖಚಿತವಾಯಿತು. ‘ನಿನ್ನ ಕೈ ಎಷ್ಟು ಚಂದ’ ಎಂದರೆ ಯಾರೂ ನಂಬುವುದಿಲ್ಲ, ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ‘ಇಲ್ಲಿ ಎರಡು ಬಣ್ಣ ಇದೆ, ಈ ಗೆಣ್ಣು ಆ ಗೆಣ್ಣಿಗಿಂತ ಅಗಲ, ಕಲೆ ಮೂರು ಮೂಲೆಯದು’ ಎಂದರೆ ಬಗ್ಗಿ ನೋಡುತ್ತಾರೆ. ದುಡಿದ ಕೈ ಎಂದು ಹಾಡಿ ಹೊಗಳುವುದರಲ್ಲೂ ನಮಗೆ ಅನುಮಾನವಿದೆ. ದುಡಿಯಲಾಗದ ಕೈಗೆ ಆಗ ಜಾಗ ಎಲ್ಲಿ? ಸುಮ್ಮನೆ ತೊಡೆಯ ಮೇಲಿಟ್ಟ ಕೈಗಳೂ ಕೌದಿಯಲ್ಲಿರುವುದು ಅದಕ್ಕೇ.

ಚಪ್ಪಟೆ ಅಂಗೈ ಬೇಡ ಎಂದವರು ಬಾದಾಮಿಯ ಮೊದಲ ಗುಹೆಯ ನಟರಾಜನನ್ನು ನೋಡಿ ಭಂಗಿ ಆರಿಸಿಕೊಂಡರು. ಅಲ್ಲಿ ಒಂದೇ ಮೈಗೆ 18 ಕೈ. ಇಂಥ ಭಂಗಿಗೆ ನೆರಳು ಹಿಡಿಯಬೇಕು: ದೀಪ ಆರಡಿ ದೂರ, ಕೈ ಗೋಡೆಗೆ ಎರಡಿಂಚು ಹತ್ತಿರ. ಆಗ ನೆರಳು ನೂರಕ್ಕೆ ಮೂರು ಪಾಲು ಮಾತ್ರ ಹಿಗ್ಗುತ್ತದೆ. ದೀಪ ಹತ್ತಿರ ತಂದರೆ ಕೈ ರಾಕ್ಷಸನದು.

ಕೊನೆಯ ಹೊಲಿಗೆ ಕೌದಿ ಅಜ್ಜಿಯರದು. ಮೂರು ಪದರ ಹಾಸಿ, ಅಂಗೈ ಅಗಲಕ್ಕೊಂದರಂತೆ ಕಚ್ಚಾ ಟಾಕಿ (ಆಮೇಲೆ ಬಿಚ್ಚುವ ತಾತ್ಕಾಲಿಕ ಹೊಲಿಗೆ) ಹಾಕಿಯೇ ಅಂಚಿನಿಂದ ಸುತ್ತುತ್ತ ಒಳಗೆ ಬಂದರು. ಕಚ್ಚಾ ಟಾಕಿ ಬಿಟ್ಟರೆ ಹೆಚ್ಚಿನ ಬಟ್ಟೆಯೆಲ್ಲ ನಡುವಿಗೆ ಬಂದು ಗುಳ್ಳೆ ಏಳುತ್ತದೆ. ಸಾಲುಗಳ ನಡುವೆ ಒಂದು ಸೆಂ.ಮೀ., ಕೈ ಎದುರಾದಲ್ಲಿ ಅದರ ಹೊರಗೆರೆಯನ್ನೇ ಹಿಡಿದು ಸುತ್ತು. ತೂಗುಹಾಕಲು ಮೊಳೆ ಬೇಡ, ಹಿಂದೆ ನಾಲ್ಕಿಂಚಿನ ನೇಫಾ ಹೊಲಿದು ಕೋಲು ತೂರಿಸಿದೆವು.

ಗೆರೆ ಎಳೆಸಿಕೊಂಡು ಆಮೇಲೆ ಬೇಡ ಎಂದ ಅಕ್ಕತಂಗಿಯರಿಗೂ ಅಷ್ಟೇ ಶರಣು. ಅವರಿಂದಾಗಿಯೇ ಪ್ರತಿ ಕೈಯನ್ನೂ ಬೇರೆ ಚೌಕದ ಮೇಲೆ ಕೂಡಿಸಿ, ಆ ಚೌಕವನ್ನು ಸುಲಭವಾಗಿ ಬಿಚ್ಚುವ ಟಾಕಿಯಲ್ಲಿ ಕೌದಿಗೆ ಹಚ್ಚುವುದು ರೂಢಿಯಾಯಿತು. ಈಗಲೂ ಯಾರಿಗಾದರೂ ತಮ್ಮ ಕೈ ವಾಪಸ್ ಬೇಕಿದ್ದರೆ ಹೇಳ್ರಿ, ಕಾರಣ ಕೇಳುವುದಿಲ್ಲ. ರಟ್ಟಿನ ಅಚ್ಚುಗಳು ಟೇಲರ್ ಕಾಕಾ ಅವರ ಅಂಗಡಿಯಲ್ಲಿವೆ, ನಿಮ್ಮ ನಿಮ್ಮದನ್ನು ಒಯ್ಯಿರಿ.