ಬೊಯೆಥಿಯಸ್ ಎರಡೆರಡು ಸಲ ಬರೆದ

ಪ್ರಿಯ ಗೆಳೆಯ,

ಅನುವಾದ ಸಾಕು, ಇನ್ನು ಸ್ವಂತದ್ದು ಬರೆಯುತ್ತೇನೆ ಎಂದಿದ್ದೀಯ. ಇನ್ನೊಬ್ಬರ ಮಾತು ಬರೆಯುತ್ತಾ ಕೂತರೆ ನಿನ್ನ ದನಿ ಉಡುಗಿಹೋಗುತ್ತದೆ ಎಂಬ ಭಯ ನಿನಗೆ. ಈ ಮಾತನ್ನು ನಾನು ಒಪ್ಪಲಾರೆ. ಯಾಕೆಂದು ಹೇಳುವುದಕ್ಕೆ ರೋಮಿನ ತತ್ತ್ವಜ್ಞಾನಿ ಬೊಯೆಥಿಯಸ್‌ನಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಅವನು ಸುಮಾರು ಕ್ರಿ.ಶ. 480ರಲ್ಲಿ ರೋಮಿನ ದೊಡ್ಡ ಕ್ರೈಸ್ತ ಮನೆತನವೊಂದರಲ್ಲಿ ಹುಟ್ಟಿದವನು. ಅವನು ದೊಡ್ಡವನಾದದ್ದು ಇಟಲಿಯನ್ನು ಆಸ್ಟ್ರೊಗಾತ್ ಬುಡಕಟ್ಟಿನ ದೊರೆ ಥಿಯೊಡೊರಿಕ್ ಆಳುತ್ತಿದ್ದ ಕಾಲದಲ್ಲಿ. ಲ್ಯಾಟಿನ್ ಬಲ್ಲವರಲ್ಲಿ ಗ್ರೀಕ್ ಓದುವವರು ಕಡಿಮೆಯಾಗುತ್ತಾ ಬಂದಿದ್ದರು. ಪ್ಲೇಟೊ, ಅರಿಸ್ಟಾಟಲ್ ಇಬ್ಬರನ್ನೂ ಲ್ಯಾಟಿನ್ನಿಗೆ ತರುತ್ತೇನೆ, ಮುಖ್ಯ ಸಂಗತಿಗಳಲ್ಲಿ ಇಬ್ಬರಿಗೂ ವಿರೋಧವಿಲ್ಲವೆಂದು ತೋರಿಸುತ್ತೇನೆ ಎಂದು ಅವನು ಹೊರಟ. ಅಷ್ಟು ದೊಡ್ಡ ಸಂಕಲ್ಪ ಹೊತ್ತವನು ಕೈಹಾಕಿದ್ದು ಮಾತ್ರ ತರ್ಕಶಾಸ್ತ್ರಕ್ಕೆ ಕಾಲಿಡುವವರಿಗಾಗಿ ಗ್ರೀಕ್ ತತ್ತ್ವಜ್ಞಾನಿ ಪೋರ್ಫಿರಿ ಬರೆದ ಸಣ್ಣ ಪ್ರವೇಶಿಕೆಗೆ!

ಮೊದಲ ಸಲ ಅದಕ್ಕೆ ವ್ಯಾಖ್ಯಾನ ಬರೆದಾಗ ಹಿಂದಿನ ರೋಮನ್ ಪಂಡಿತ ಮಾರಿಯಸ್ ವಿಕ್ಟೊರಿನಸ್‌ನ ಹಳೆಯ ಅನುವಾದವನ್ನು ಎದುರಿಗಿಟ್ಟುಕೊಂಡಿದ್ದ. ಅದರಿಂದ ತೃಪ್ತಿಯಾಗಲಿಲ್ಲ. ತಾನೇ ಅನುವಾದಿಸಿ, ಎರಡನೆಯ ವ್ಯಾಖ್ಯಾನ ಬರೆದ. ಜಾತಿ, ಪ್ರಭೇದ (‘ಪ್ರಾಣಿ’, ‘ಮನುಷ್ಯ’ ಎಂಬಂಥ ವರ್ಗಗಳು) ಎಂಬುವು ನಿಜವಾಗಿ ಇವೆಯೋ, ನಮ್ಮ ಮನಸ್ಸಿನಲ್ಲಷ್ಟೇ ಇವೆಯೋ ಎಂಬ ಪ್ರಶ್ನೆಯನ್ನು ಪೋರ್ಫಿರಿ ಎತ್ತಿ, ಇದು ಇಲ್ಲಿಗಲ್ಲ ಎಂದು ಪಕ್ಕಕ್ಕಿಟ್ಟಿದ್ದ. ಬೊಯೆಥಿಯಸ್ ಎರಡನೆಯ ಸುತ್ತಿನಲ್ಲಿ ಅಲ್ಲಿಯೇ ನಿಂತು ವಾದ ಹೂಡಿದ. ಆ ಕೆಲವು ಪುಟಗಳ ಮೇಲೆ ಯುರೋಪಿನ ಪಂಡಿತರು ಶತಮಾನಗಟ್ಟಲೆ ಕಿತ್ತಾಡಿದರು. ಪರರ ಪಠ್ಯಕ್ಕೆ ವ್ಯಾಖ್ಯಾನ ಬರೆಯುವವನ ದನಿ ಅದು!

510ರಲ್ಲಿ ರೋಮಿನ ಉನ್ನತ ಪದವಿಯಾದ ಕಾನ್ಸಲ್ ಆದಾಗಲೂ ಈ ಕೆಲಸ ನಿಲ್ಲಿಸಲಿಲ್ಲ. ಅಧಿಕಾರದ ತಾಪತ್ರಯ ಅಡ್ಡಬರುತ್ತಿದೆ ಎಂದು ವ್ಯಾಖ್ಯಾನದ ನಡುವೆಯೇ ಬರೆದಿಟ್ಟು ಮುಂದುವರಿದ. ಪುರುಸೊತ್ತಿಲ್ಲ ಎಂಬ ನಿನ್ನ ದೂರಿಗೆ ನನ್ನ ಉತ್ತರ ಇಷ್ಟೇ.

ಆಲ್ಬಿನಸ್ ಎಂಬ ಸೆನೆಟರ್ ಮೇಲೆ ರಾಜದ್ರೋಹದ ಆರೋಪ ಬಂದಾಗ ಅವನ ಪರ ನಿಂತದ್ದಕ್ಕೆ ಬೊಯೆಥಿಯಸ್ ತಾನೇ ಸೆರೆಬಿದ್ದ. ಸುಮಾರು 524ರಲ್ಲಿ ಅವನನ್ನು ಕೊಂದರು. ಸಾವಿಗೆ ಕಾಯುತ್ತಾ ಬರೆದದ್ದು ‘ತತ್ತ್ವಶಾಸ್ತ್ರದ ಸಾಂತ್ವನ’, ಗದ್ಯ ಪದ್ಯ ಬೆರೆತ ಐದು ಭಾಗಗಳ ಕೃತಿ. ಅಲ್ಲಿ ತತ್ತ್ವದೇವಿ ಅವನ ಹಾಸಿಗೆಯ ಬಳಿ ಬಂದು, ಅಳುವ ಪದ್ಯ ಹೇಳಿಕೊಡುತ್ತಿದ್ದ ಕಾವ್ಯದೇವತೆಗಳನ್ನು ಗದರಿಸಿ ಓಡಿಸುತ್ತಾಳೆ. ದಂತ, ಗಾಜುಗಳಿಂದ ಸಿಂಗರಿಸಿದ ನಿನ್ನ ಗ್ರಂಥಾಲಯ ನನಗೆ ಬೇಡ, ನಿನ್ನ ಮನಸ್ಸಿನಲ್ಲಿ ನನಗೆ ಜಾಗ ಬೇಕು ಎನ್ನುತ್ತಾಳೆ.

ಐದನೆಯ ಭಾಗವನ್ನು ನಿಧಾನವಾಗಿ ಓದು. ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ಮನುಷ್ಯನಿಗೆ ಸ್ವಾತಂತ್ರ್ಯ ಎಲ್ಲಿ? ಈ ಪ್ರಶ್ನೆಯ ಬೇರು ಅರಿಸ್ಟಾಟಲ್‌ನಲ್ಲಿದೆ: ನಾಳೆ ನೌಕಾಯುದ್ಧ ನಡೆಯುತ್ತದೆ ಎಂಬ ಮಾತು ಇವತ್ತೇ ನಿಜವೇ? ನಿಜವಾದರೆ ಅದನ್ನು ತಪ್ಪಿಸಲಾದೀತೇ? ಈ ಮಾತು ಬರುವ ಅರಿಸ್ಟಾಟಲನ ತರ್ಕಗ್ರಂಥಕ್ಕೂ ಬೊಯೆಥಿಯಸ್ ಎರಡು ವ್ಯಾಖ್ಯಾನ ಬರೆದಿದ್ದ, ಒಂದು ಹೊಸಬರಿಗೆ, ಇನ್ನೊಂದು ವಿಸ್ತಾರವಾಗಿ. ಅದರ ಸಾಲು ಸಾಲಿಗೂ ಹೆಣಗಿದ್ದವನಿಗೆ ಸೆರೆಯಲ್ಲಿ ಆ ವಾದ ಕೈಗೆ ಸಿಕ್ಕಿತು. ಈ ಸಲ ಅದು ಅವನ ಪ್ರಾಣದ ಪ್ರಶ್ನೆಯಾಗಿತ್ತು.

ಹಾಗಾಗಿ ಕೈಯಲ್ಲಿರುವ ಅಧ್ಯಾಯ ಬಿಡಬೇಡ. ಮೊದಲ ಕರಡನ್ನು ಮುಚ್ಚಿಟ್ಟು, ಮೂಲವನ್ನಷ್ಟೇ ಎದುರಿಗಿಟ್ಟುಕೊಂಡು ಮತ್ತೆ ಮಾಡು. ಮೂಲ ಲೇಖಕನೊಡನೆ ಎಲ್ಲಿ ಜಗಳ ಹುಟ್ಟುತ್ತದೋ ಅಲ್ಲಿ ಅಂಚಿನಲ್ಲಿ ಬರೆದಿಡು. ಆ ಟಿಪ್ಪಣಿಗಳನ್ನೂ ಕಳಿಸು, ಮೊದಲು ಅವನ್ನೇ ಓದುತ್ತೇನೆ.

ನಿನ್ನವನು